ಮಂತ್ರಿ ಅಂತ ಒಂದು ಮಾತು

ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತವನು ಯಾರು ಒಳಗೆ ಬಂದರೂ ಅರ್ಧ ಏಳಬೇಕಾಗುತ್ತದೆ. ಪೂರ್ತಿ ಎದ್ದು ನಿಂತರೆ ಜವಾನನಂತೆ ಕಾಣುತ್ತಾನೆ, ಕೂತೇ ಇದ್ದರೆ ಕೊಬ್ಬು ಅನ್ನಿಸಿಕೊಳ್ಳುತ್ತಾನೆ. ಮಂಡ್ಯದ ಸ್ಟೇಷನ್ ರಸ್ತೆಯ ಕ್ಲಬ್ಬಿಗೆ ಬರತೊಡಗಿದಂದಿನಿಂದ ಮರಿಸಿದ್ದಯ್ಯ ಈ ಅರ್ಧ ಏಳುವುದನ್ನು ಚೆನ್ನಾಗಿ ರೂಢಿ ಮಾಡಿಕೊಂಡಿದ್ದ. ಕುರ್ಚಿಯ ಕೈಗಳ ಮೇಲೆ ಭಾರ ಹಾಕಿ, ಸೊಂಟ ಒಂದಿಷ್ಟು ಬಾಗಿಸಿ, ಮುಖದಲ್ಲಿ ಆಗತಾನೆ ಏನೋ ನೆನಪಾದವನ ಭಾವ ತಂದುಕೊಂಡು. ಈ ಭಾನುವಾರ ಬೆಳಿಗ್ಗೆಯಿಂದ ಅದೆಷ್ಟು ಸಲ ಹಾಗೆ ಎದ್ದು ಕೂತನೋ, ತೊಡೆ ನೋಯುತ್ತಿತ್ತು. ಒಳಗೆ ಬಂದವರು ಅವನನ್ನು ನೋಡಿ ತಲೆಯಾಡಿಸಿದ್ದೂ ಉಂಟು, ಅವನ ತಲೆಯ ಮೇಲಿದ್ದ ಮೊಳೆಗೆ ಟೋಪಿ ನೇತುಹಾಕಿ ಮಾತಾಡಿಸದೆ ಹೋದದ್ದೂ ಉಂಟು. ಅವನು ಮೆಂಬರಲ್ಲ. ನಾಲೆ ಕಚೇರಿಯ ಗುಮಾಸ್ತ. ಅವನ ಸಾಹೇಬರಾದ ಇಂಜಿನಿಯರಿಗೆ ಚದುರಂಗದ ಹುಚ್ಚು. ಎದುರಿಗೆ ಕೂರಲು ಯಾರೂ ಸಿಗದ ಸಂಜೆಗಳಲ್ಲಿ ‘ಸಿದ್ದಯ್ಯನ್ನ ಕರೀರಿ’ ಎಂದು ಹೇಳಿಕಳಿಸುತ್ತಿದ್ದರು. ಇವನು ಹೋಗುತ್ತಿದ್ದ, ಆಡುತ್ತಿದ್ದ, ಎದ್ದು ಬರುತ್ತಿದ್ದ. ಆಟದ ನಡುವೆ ಸಾಹೇಬರಿಗೆ ಕಾಫಿ ಬರುತ್ತಿತ್ತು. ಮೆಂಬರಲ್ಲದವನಿಗೆ ಕಾಫಿಯಿಲ್ಲ ಎನ್ನುವುದು ಕ್ಲಬ್ಬಿನ ನಿಯಮ, ಅದರಲ್ಲಿ ಯಾರ ತಪ್ಪೂ ಇಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಆದರೆ ಎದುರಿನವರು ಕಾಫಿ ಕುಡಿಯುವಾಗ ತನ್ನ ಕಣ್ಣು ಎಲ್ಲಿಡಬೇಕು ಅನ್ನುವುದು ಮಾತ್ರ ಇವತ್ತಿಗೂ ಗೊತ್ತಾಗಿರಲಿಲ್ಲ.

ಇವತ್ತು ಗೆದ್ದರೆ ಅದೆಲ್ಲ ಮುಗಿಯುತ್ತದೆ. ಕ್ಲಬ್ಬಿನ ಸೆಕ್ರೆಟರಿಯಾದ ಊರಿನ ದೊಡ್ಡ ವಕೀಲರು, ಚದುರಂಗದ ಪಂದ್ಯದ ಸುದ್ದಿ ಬಂದ ದಿನ ಯಾರೊಡನೆಯೋ ನಗುತ್ತ, ‘ಬಹುಮಾನದ ಕಪ್ಪು ಗೆದ್ದವನನ್ನ ಮೆಂಬರ್ ಮಾಡ್ದೆ ಇರೋಕಾಗುತ್ತೇನ್ರೀ’ ಎಂದದ್ದನ್ನು ಅವನು ಬಾಗಿಲ ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದ. ಅವತ್ತಿನಿಂದ ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ. ಯಾರ ದಯೆಯಿಂದಲೂ ಅಲ್ಲ, ಯಾರೋ ಕರೆದರು ಅಂತಲೂ ಅಲ್ಲ, ಗೆದ್ದು ಒಳಗೆ ಹೋಗುವುದು. ಒಳಗಿನ ಕಿಟಕಿಯ ಹತ್ತಿರ ಬೆತ್ತದ ಕುರ್ಚಿಗಳಿದ್ದವು, ಅದರಲ್ಲೊಂದರಲ್ಲಿ ಕಾಲಮೇಲೆ ಕಾಲು ಹಾಕಿ ಕೂರುವುದು. ಹೆಂಡತಿ ಮೀನಾಕ್ಷಮ್ಮ ಶಿವನಸಮುದ್ರದ ಬ್ಲಫಿನ ಓವರ್‌ಸಿಯರ ಮಗಳು. ಕರೆಂಟು ಮನೆಯ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಅಪ್ಪನ ಜೊತೆ ಅಲ್ಲಿಯ ಕ್ಲಬ್ಬಿನಲ್ಲಿ ಬಿಸ್ಕತ್ತು ತಿಂದವಳು. ಬೆಳಿಗ್ಗೆ ಹೊರಡುವಾಗ ಅವಳು ಕೋಟಿನ ಹೆಗಲ ಮೇಲಿನ ದಾರವೊಂದನ್ನು ತೆಗೆಯುತ್ತ, “ನಿಮ್ಮನ್ನ ಒಳಗೆ ಕೂರಿಸ್ತಾರೋ, ವರಾಂಡದಲ್ಲೋ?” ಎಂದು ಕೇಳಿದ್ದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅದೇ ಅವನನ್ನು ಹೆಚ್ಚು ಚುಚ್ಚಿತು.

ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕಿನ ಪಂದ್ಯ. ಮಂಡ್ಯದಿಂದ ಇಂಜಿನಿಯರು ಮತ್ತು ಇವನು ಉಳಿದಿದ್ದರು. ಮದ್ದೂರಿನಲ್ಲಿ ಗೆದ್ದವನೊಬ್ಬ, ಮಳವಳ್ಳಿಯಲ್ಲಿ ಗೆದ್ದವನೊಬ್ಬ ಇವತ್ತು ಇಲ್ಲಿಗೆ ಬರಬೇಕು. ಮಳವಳ್ಳಿಯ ಮೇಷ್ಟರು ಆಗಲೇ ಬಂದು ಇಂಜಿನಿಯರ ಎದುರು ಕೂತು ಬೆವರುತ್ತಿದ್ದರು. ಮದ್ದೂರಿನವನ ಸುಳಿವಿರಲಿಲ್ಲ. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ದೇವಯ್ಯ, ಮದ್ದೂರು’ ಎಂದು ಬರೆದಿತ್ತು. ದೇವಯ್ಯ ಎನ್ನುವ ಹೆಸರಿನವರು ಮದ್ದೂರಿನ ಸೀಮೆಯಲ್ಲಿ ಊರಿಗೊಬ್ಬರು. ಆ ಹೆಸರು ಓದಿದಾಗ ಒಬ್ಬನ ನೆನಪಾದದ್ದು ನಿಜ. ಇರಲಾರದು ಎಂದು ಅದನ್ನು ಅಲ್ಲೇ ಅದುಮಿದ್ದ. ಬಾರದೇ ಇದ್ದರೆ ಆಡದೆಯೇ ಫೈನಲ್ಲಿಗೆ ಹೋಗಬಹುದು ಎಂದು ಲೆಕ್ಕ ಹಾಕುತ್ತಿದ್ದಾಗಲೇ ಗೇಟಿನ ಹತ್ತಿರ ಒಂದು ಕೆಂಪು ಅಂಚಿನ ರುಮಾಲು ಕಾಣಿಸಿತು. ನಡಿಗೆ ನೋಡುತ್ತಿದ್ದಂತೆಯೇ ಗೊತ್ತಾಯಿತು. ಎಡಗಾಲನ್ನು ಸ್ವಲ್ಪ ಹೊರಕ್ಕೆ ಎಸೆದು ನಡೆಯುವ ಆ ನಡಿಗೆಯ ಹಿಂದೆ ಹಿಂದೆಯೇ ಓಡಿ ಅವನು ದೊಡ್ಡವನಾಗಿದ್ದ. ಕೊಪ್ಪದ ದೇವಯ್ಯ, ಅವನ ಸೋದರಮಾವ. ಹೆಗಲಲ್ಲಿ ಬಟ್ಟೆಯ ಚೀಲ, ಅದರೊಳಗೆ ಚದುರಂಗದ ಕಾಯಿಗಳೇ ಇರುತ್ತವೆ ಎಂದು ಇಲ್ಲಿಂದಲೇ ಹೇಳಬಲ್ಲ. ಕುದುರೆಯೊಂದರ ಕಿವಿ ಮುರಿದದ್ದು ಇವನ ಕೈಯಲ್ಲೇ.

ಮಾವ ಮೆಟ್ಟಿಲು ಹತ್ತಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಬೆಳಕಿನಿಂದ ನೆರಳಿಗೆ ಬಂದದ್ದರಿಂದ ಒಂದು ಗಳಿಗೆ ಏನೂ ಕಾಣದೆ ನಿಂತ. ಆಮೇಲೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಅಳಿಯನನ್ನು ಕಂಡ. ಮುಖ ಅಗಲವಾಯಿತು, ಬಾಯಿ ತೆರೆಯಿತು; ‘ಏನ್ಲಾ ಮರಿ’ ಎನ್ನುವ ಮಾತು ತುಟಿಯವರೆಗೆ ಬಂದದ್ದು ಕಾಣುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಬಂದ ವಕೀಲರು ಚೀಲವನ್ನೂ ರುಮಾಲನ್ನೂ ನೋಡಿ, “ಇವರೇನ್ರೀ ಮದ್ದೂರಿನವರು? ಗೊತ್ತಿರೋರಾ ಸಿದ್ದಯ್ಯ?” ಎಂದು ಕೇಳಿದರು. ಸಿದ್ದಯ್ಯ ಅರ್ಧ ಎದ್ದಿದ್ದ.

“ನಮ್ಮ ಊರ ಕಡೆಯವರು, ಸಾರ್.”

ಅದು ಸುಳ್ಳೇನಲ್ಲ. ಊರ ಕಡೆಯವರೇ. ಮಾವನ ಬಾಯಿ ಮೆಲ್ಲನೆ ಮುಚ್ಚಿಕೊಂಡಿತು. ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿದ. ಬಳಿಕ ಎರಡೂ ಕೈ ಜೋಡಿಸಿ, ಮೊದಲು ವಕೀಲರಿಗೆ, ಆಮೇಲೆ ಅಷ್ಟೇ ಬಾಗಿ ಇವನಿಗೆ, “ನಮಸ್ಕಾರ ಸ್ವಾಮಿ” ಎಂದ. ಜೀವಮಾನದಲ್ಲಿ ಮಾವ ಅವನಿಗೆ ನಮಸ್ಕಾರ ಹೇಳಿರಲಿಲ್ಲ. ಅಪ್ಪ ಸತ್ತಮೇಲೆ ತಾಯಿ ಇವನನ್ನು ಸೊಂಟದ ಮೇಲೆ ಕೂರಿಸಿಕೊಂಡು ತವರಿಗೆ ಬಂದಾಗ ಆ ಕೈಗಳೇ ಅವನನ್ನು ಇಳಿಸಿಕೊಂಡದ್ದು ಎಂದು ಅವ್ವ ನೂರು ಸಲ ಹೇಳಿದ್ದಳು. ಈಗ ಆ ಕೈಗಳು ಅವನೆದುರು ಜೋಡಿಸಿಕೊಂಡಿದ್ದವು. ತಾನು ಸಿಕ್ಕಿಬೀಳದಂತೆ ಮಾವ ಕಾಯುತ್ತಿದ್ದಾನೆ ಎಂದು ಸಿದ್ದಯ್ಯನಿಗೆ ತಕ್ಷಣ ಹೊಳೆಯಿತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಸದ್ಯ ಎನ್ನಿಸಿತು.

ಚೀಲ ಬಿಚ್ಚಲು ಹೊರಟ ಮಾವನನ್ನು ವಕೀಲರು ತಡೆದು ಕ್ಲಬ್ಬಿನ ಕಾಯಿಗಳನ್ನು ತೋರಿಸಿದರು. ಇಂಗ್ಲಿಷ್ ಮಾದರಿಯ ಕರಿ ಬಿಳಿ ಕಾಯಿಗಳು. ಮಾವ ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದ. “ಇದ್ಯಾವ ಗೋಪುರ ಸ್ವಾಮಿ?” ಎಂದಾಗ ಪಕ್ಕದ ಮೇಜಿನವರೆಲ್ಲ ನಕ್ಕರು. ಅದು ಆನೆ. ನೆತ್ತಿ ಸೀಳಿದ್ದು ಒಂಟೆ. ಮಾವನೂ ನಕ್ಕ, “ಸೊಂಡ್ಲಿಲ್ದ ಆನೆ, ಡುಬ್ಬ ಇಲ್ದ ಒಂಟೆ” ಎಂದು ಮತ್ತೊಮ್ಮೆ ನಗಿಸಿದ. ಸಿದ್ದಯ್ಯ ನಗಲಿಲ್ಲ. ಮಳವಳ್ಳಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದಾಗ ಅಲ್ಲಿಯ ರೆವಿನ್ಯೂ ಇನ್ಸ್‌ಪೆಕ್ಟರ ಮನೆಯಲ್ಲಿ ಇವನು ರಾಜನನ್ನು ಕುದುರೆಯ ಹಾಗೆ ಹಾರಿಸಲು ಹೋದದ್ದು, ಊರಿನ ಆಟದಲ್ಲಿ ರಾಜನಿಗೆ ಅಂಥ ಒಂದು ನೆಗೆತ ಉಂಟಲ್ಲ, ಅದನ್ನು ನಂಬಿ ಕೈ ಚಾಚಿದ್ದು, ಇನ್ಸ್‌ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕು ಹೆಂಡತಿಯನ್ನೂ ಕರೆದು ತೋರಿಸಿದ್ದು ಎಲ್ಲ ಈಗ ಇಲ್ಲೇ ನಡೆಯುತ್ತಿರುವಂತೆ ಕಿವಿ ಬಿಸಿಯಾಯಿತು. ಆಮೇಲೆ ಅವರಿಂದಲೇ ಪುಸ್ತಕ ಬೇಡಿ ತಂದು, ಬಾಗಿಲು ಹಾಕಿಕೊಂಡು, ಊರಿನ ಆಟವನ್ನು ಒಂದೊಂದಾಗಿ ಮರೆತಿದ್ದ.

ವಕೀಲರು ಅವಸರವಸರವಾಗಿ ನಿಯಮ ಹೇಳಿದರು. ರಾಜ ಹಾರುವ ಹಾಗಿಲ್ಲ. ಕಾಲಾಳು ಮೊದಲ ಸಲ ಎರಡು ಮನೆ ಹೋಗಬಹುದು. ಮುಟ್ಟಿದ ಕಾಯಿ ನಡೆಸಲೇಬೇಕು. ಸುತ್ತ ನಿಂತವರು ಮಾತಾಡುವ ಹಾಗಿಲ್ಲ. ಮಾವ ಪ್ರತಿಯೊಂದಕ್ಕೂ ತಲೆಯಾಡಿಸಿದ. ಕೊನೆಗೆ, “ಮದ್ದೂರ್ನಾಗೆ ಎಲ್ಲಾ ನಮ್ಮಂಗೇ ಆಡುದ್ರು. ಆಯ್ತು ಬುಡಿ. ಮಿಕ್ಕದ್ದೆಲ್ಲ ನಮ್ಮಂಗೇ ತಾನೇ ಸ್ವಾಮಿ?” ಎಂದು ಕೇಳಿದ.

“ಹೂಂ, ಮಿಕ್ಕಿದ್ದೆಲ್ಲ ಅದೇ” ಎಂದರು ವಕೀಲರು.

ಕೇಳಿದ್ದು ವಕೀಲರನ್ನೇ ಆದರೂ ಮಾವನ ಕಣ್ಣು ಇವನ ಮೇಲಿತ್ತು. ಎರಡೂ ಆಟ ಬಲ್ಲವನು ಆ ಕೋಣೆಯಲ್ಲಿ ಇವನೊಬ್ಬನೇ. ಮಿಕ್ಕಿದ್ದೆಲ್ಲ ಅದೇ ಅಲ್ಲ ಎನ್ನುವುದು ಇವನಿಗೆ ಗೊತ್ತಿತ್ತು. ಒಂದು ದೊಡ್ಡ ವ್ಯತ್ಯಾಸ ಇನ್ನೂ ಉಳಿದಿತ್ತು. ಊರಿನ ಆಟದಲ್ಲಿ ರಾಜನಿಗೆ ಏಟು ಬಂದಾಗ ‘ಷಾ’ ಎನ್ನುವ ಹಾಗೆಯೇ, ಮಂತ್ರಿಯ ಮೇಲೆ ಏಟು ಇಟ್ಟವನು ‘ಮಂತ್ರಿ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದೆ ಮಂತ್ರಿಯನ್ನು ತೆಗೆಯುವ ಹಾಗಿಲ್ಲ. ಇಲ್ಲಿ ಹಾಗೆ ಹೇಳುವವರಿಲ್ಲ. ಸಿದ್ದಯ್ಯ ತನ್ನ ಬಿಳಿ ಕಾಲಾಳುಗಳನ್ನು ಮನೆಯ ನಡುಮಧ್ಯಕ್ಕೆ ಸರಿಯಾಗಿ ನಿಲ್ಲಿಸತೊಡಗಿದ, ಎಲ್ಲವೂ ಆಗಲೇ ಸರಿಯಾಗಿಯೇ ನಿಂತಿದ್ದವು.

ಬಿಳಿ ಇವನದು. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕಿದ. ಪುಸ್ತಕದಲ್ಲಿ ಹೇಳಿದಂತೆ ಆರಂಭದಲ್ಲೇ ನಡುಮನೆ ಹಿಡಿಯಬೇಕು, ಕುದುರೆ ಒಂಟೆಗಳನ್ನು ಬೇಗ ಹೊರಗೆ ತರಬೇಕು. ಮಾವ ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ತನ್ನ ಕಾಲಾಳನ್ನು ಒಂದೇ ಮನೆ ಇಟ್ಟ. ಎರಡು ಮನೆ ಹೋಗಬಹುದು ಎಂದು ವಕೀಲರು ನೆನಪಿಸಿದರು. “ಓಗ್ಬೌದು ಅಂದ್ರಲ್ಲ ಸ್ವಾಮಿ, ಓಗ್ಲೇಬೇಕು ಅನ್ನಿಲ್ವಲ್ಲ” ಎಂದ ಮಾವ. ಅವನು ಕಟ್ಟತೊಡಗಿದ್ದು ಏನೆಂದು ಸಿದ್ದಯ್ಯನಿಗೆ ಮೂರನೆಯ ನಡೆಗೇ ಗೊತ್ತಾಯಿತು. ಅಂಚಿನ ಕಾಲಾಳುಗಳನ್ನು ಒಂದೊಂದು ಮನೆ ಏರಿಸಿ, ಮೂಲೆಯ ಸಂದಿಯಲ್ಲಿ ಒಂಟೆ ಕೂರಿಸಿ, ರಾಜನನ್ನು ಅದರ ಹಿಂದಕ್ಕೆ ಮೆಲ್ಲಗೆ ನಡೆಸಿಕೊಂಡು ಹೋಗುವುದು. ಊರಿನಲ್ಲಿ ಇದಕ್ಕೆ ಕೊಟ್ಟಿಗೆ ಕಟ್ಟೋದು ಎನ್ನುತ್ತಿದ್ದರು. ‘ಮೊದ್ಲು ಕೊಟ್ಗೆ ಕಟ್ಟು ಕಣ್ಲಾ ಮರಿ, ದನ ಆಮೇಕೆ ಬುಡುವಂತೆ’ ಎನ್ನುತ್ತಿದ್ದ ಮಾವ, ಜಗಲಿಯ ಮೇಲೆ ಹಾಸಿದ ಚೌಕದ ಬಟ್ಟೆಯ ಆ ಕಡೆ ಕೂತು, ಎಲೆಯಡಿಕೆ ಒಂದು ದವಡೆಯಲ್ಲಿಟ್ಟುಕೊಂಡು. ಮಾವನ ಮಗಳು ಹೊಂಬಾಳೆ ಮಜ್ಜಿಗೆ ತಂದಿಟ್ಟು ಅಲ್ಲೇ ಕಂಬಕ್ಕೊರಗಿ ನಿಲ್ಲುತ್ತಿದ್ದಳು. ಅವಳಿಗೂ ಆಟ ಬರುತ್ತಿತ್ತು. ಇವನು ತಪ್ಪು ಕಾಯಿಯ ಮೇಲೆ ಕೈ ಹಾಕಿದರೆ ಅಪ್ಪನಿಗೆ ಕಾಣದಂತೆ ಹುಬ್ಬು ಗಂಟಿಕ್ಕುತ್ತಿದ್ದಳು. ಇವನಿಗೆ ಅವಳನ್ನೇ ಕೊಡುವುದು ಎಂದು ಯಾರೂ ಯಾವತ್ತೂ ಮಾತಾಡಿ ಗೊತ್ತುಮಾಡಿದ್ದಲ್ಲ. ಸೋದರಮಾವನ ಮಗಳು, ಅದನ್ನು ಮಾತಾಡುವುದೇನಿದೆ. ಇವನು ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸುವವರೆಗೂ ಅವಳಿಗೆ ಬಂದ ಗಂಡುಗಳನ್ನೆಲ್ಲ ಮಾವ ಬಾಗಿಲಲ್ಲೇ ಹಿಂದಕ್ಕೆ ಕಳಿಸಿದ್ದ. ಇವನು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ರಜಕ್ಕೆ ಊರಿಗೆ ಹೋದರೆ ಅವಳು ಬಡಿಸಿದ್ದನ್ನು ತಲೆ ತಗ್ಗಿಸಿ ಉಣ್ಣುತ್ತಿದ್ದ. ತಲೆ ತಗ್ಗಿಸಿದ್ದನ್ನು ಅವರೆಲ್ಲ ನಾಚಿಕೆ ಎಂದುಕೊಂಡರು.

ಸಿದ್ದಯ್ಯ ರಾಜನನ್ನೂ ಆನೆಯನ್ನೂ ಒಟ್ಟಿಗೆ ಸರಿಸಿ ಕೋಟೆ ಕಟ್ಟಿಕೊಂಡಾಗ ಮಾವ ಬೆಚ್ಚಿ ವಕೀಲರ ಕಡೆ ನೋಡಿದ. “ಎರಡು ಕಾಯಿ ಒಂದೇ ಸಲಕ್ಕಾ ಸ್ವಾಮಿ?” ಅದಕ್ಕೆ ಅವಕಾಶವಿದೆ ಎಂದರು ಅವರು, ಹೇಳಲು ಮರೆತಿದ್ದರಂತೆ. “ಅಂಗಾರೆ ಸರಿ” ಎಂದು ಮಾವ ತನ್ನ ಕೊಟ್ಟಿಗೆಯ ಕಡೆ ತಿರುಗಿದ. ಅವಸರವಿಲ್ಲದೆ ಆಡುತ್ತಿದ್ದ, ಚೆನ್ನಾಗಿ ಆಡುತ್ತಿದ್ದ. ಸಿದ್ದಯ್ಯನ ಒಂಟೆಗಳು ಆ ಕೊಟ್ಟಿಗೆಯ ಗೋಡೆಗೆ ಮೂತಿ ಹಾಯಿಸಿ ಹಾಯಿಸಿ ಹಿಂದಕ್ಕೆ ಬರುತ್ತಿದ್ದವು. ಪುಸ್ತಕದ ನಡೆಗಳು ಮುಗಿದಿದ್ದವು. ಆ ಮೇಜಿನಲ್ಲಿ ಇಂಜಿನಿಯರು ಮೇಷ್ಟರನ್ನು ಆಗಲೇ ಸೋಲಿಸಿ ಎದ್ದು ಬಂದು ಇವನ ಬೆನ್ನ ಹಿಂದೆ ನಿಂತರು. ಅವರ ಸಿಗರೇಟಿನ ವಾಸನೆ ಕತ್ತಿನ ಮೇಲೆ ಬಿತ್ತು. ಹೊಲ ಉಳುವ ಮುದುಕನ ಮುಂದೆ ತಮ್ಮ ಗುಮಾಸ್ತ ತಿಣುಕುವುದನ್ನು ನೋಡುತ್ತಿದ್ದಾರೆ. ಅವರಿಗೆ ಗೊತ್ತಾಗಬಾರದ್ದು ಇನ್ನೂ ಒಂದಿತ್ತು. ಈ ಮುದುಕ ತನ್ನ ಮಾವ. ತಾನು ಸೋತರೆ, ಗೆದ್ದ ಖುಷಿಯಲ್ಲಿ ಮಾವ ಬಾಯಿತಪ್ಪಿ ‘ನಾನೇ ಕಲ್ಸಿದ್ದು ಸ್ವಾಮಿ’ ಎಂದುಬಿಟ್ಟರೆ? ಅದೊಂದು ಭಯ ಎದೆಯೊಳಗೆ ಕೂತುಕೊಂಡಿತು. ಮಾವನ ಮೇಲೆ ಸಿಟ್ಟು ಬಂತು. ಯಾಕೆ ಬರಬೇಕಿತ್ತು ಇವನು, ಕೊಪ್ಪದಿಂದ ಮದ್ದೂರಿಗೆ ನಡೆದು, ರೈಲು ಹತ್ತಿ, ನೆಟ್ಟಗೆ ನನ್ನ ಎದುರಿಗೇ ಬಂದು ಕೂರಬೇಕಿತ್ತೇ?

ರಾಜನ ಮುಂದಿದ್ದ ಕಾಲಾಳುಗಳು ಒಂದನ್ನೊಂದು ಹೊಡೆದುಕೊಂಡು ಆ ಸಾಲು ಬರಿದಾಗಿತ್ತು. ಸಾಲಿನ ಈ ತುದಿಯಲ್ಲಿ ಸಿದ್ದಯ್ಯನ ಆನೆ, ಆ ತುದಿಯಲ್ಲಿ ಮಾವನ ಮಂತ್ರಿ, ನಡುವೆ ಸಿದ್ದಯ್ಯನದೇ ಒಂದು ಕುದುರೆ. ಅವನಿಗೆ ಅದು ಕಂಡಿತು. ಕುದುರೆಯನ್ನು ಹಾರಿಸಿ ಮಾವನ ಆನೆಯ ಮೇಲೆ ಇಟ್ಟರೆ, ಕುದುರೆ ಎದ್ದ ಜಾಗ ಖಾಲಿಯಾಗಿ ಹಿಂದಿನ ಆನೆ ನೇರವಾಗಿ ಮಂತ್ರಿಗೆ ಬಾಯಿ ತೆರೆಯುತ್ತದೆ. ನೋಡುವವನ ಕಣ್ಣು ಮಾತ್ರ ಕುದುರೆಯ ಮೇಲೇ ಇರುತ್ತದೆ. ಬೇರೆ ಯಾರಿಗಾದರೂ ಎರಡನೆಯ ಸಲ ನೋಡಿದರೆ ಕಂಡೀತು. ಮಾವ ಮಾತ್ರ ನೋಡುವುದಿಲ್ಲ. ಮಂತ್ರಿಗೆ ಏಟು ಬಂದಿದ್ದರೆ ಎದುರಿನವನು ಹೇಳುತ್ತಿದ್ದ. ಹೇಳಿಲ್ಲ, ಆದ್ದರಿಂದ ಮಂತ್ರಿ ಕ್ಷೇಮ. ಜಗಲಿಯ ಮೇಲೆ ಜೀವಮಾನವಿಡೀ ಆಡಿದವನಿಗೆ ಆ ಕಡೆ ಕಣ್ಣು ಹಾಯಿಸುವ ಅಭ್ಯಾಸವೇ ಇಲ್ಲ. ಸಣ್ಣವನಿದ್ದಾಗ ಇವನೊಮ್ಮೆ ಸದ್ದಿಲ್ಲದೆ ಮಾವನ ಮಂತ್ರಿಯನ್ನು ಎತ್ತಿ ತೊಡೆಯಡಿ ಇಟ್ಟುಕೊಂಡಿದ್ದ. ಮಾವ ಹೊಡೆಯಲಿಲ್ಲ. ಕಾಯಿಗಳನ್ನೆಲ್ಲ ಚೀಲಕ್ಕೆ ತುಂಬಿ, ‘ಯೋಳಿ ಒಡಿ. ಯೋಳ್ದೆ ಒಡದ್ರೆ ಅದು ಆಟ ಅಲ್ಲ ಕಣ್ಲಾ, ಕಳ್ತನ’ ಎಂದು ಎದ್ದುಹೋಗಿದ್ದ. ಎಷ್ಟೋ ದಿನ ಇವನ ಜೊತೆ ಆಡಿರಲಿಲ್ಲ. ಆ ದಿನಗಳಲ್ಲಿ ಇವನು ಜಗಲಿಯ ತುದಿಯಲ್ಲಿ ಒಬ್ಬನೇ ಕೂತು ಅತ್ತದ್ದನ್ನು ಹೊಂಬಾಳೆ ನೋಡಿದ್ದಳು.

ಅವನು ಕುದುರೆಯನ್ನು ಎತ್ತಿ ಇಟ್ಟ. ಬಾಯಿ ತೆರೆಯಲಿಲ್ಲ.

ಮಾವ ಕುದುರೆಯನ್ನು ನೋಡಿದ, ತನ್ನ ಆನೆಯನ್ನು ನೋಡಿದ, ಆಮೇಲೆ ತಲೆಯೆತ್ತಿ ಇವನ ಮುಖವನ್ನು ನೋಡಿದ. ಬೇರೆ ಏನಾದರೂ ಇದೆಯೇ ಎಂದು ಕೇಳುವ ನೋಟ. ಸಿದ್ದಯ್ಯ ಗಡಿಯಾರದ ಕಡೆ ತಿರುಗಿದ. ಒಂದು ಮಾತು, ಮೂರು ಅಕ್ಷರ ಕೂಡ ಇಲ್ಲದ್ದು, ನಾಲಿಗೆಯ ಕೆಳಗೆ ಇತ್ತು, ಅದನ್ನು ನುಂಗಿದ. ನಿಯಮದಲ್ಲಿ ಇಲ್ಲ. ಇದು ಪಂದ್ಯ. ನಾನೇನು ಸುಳ್ಳು ಹೇಳಿದೆನೇ, ಏನೂ ಹೇಳಲಿಲ್ಲ ಅಷ್ಟೆ. ಹೀಗೆ ತನಗೆ ತಾನೇ ಅಂದುಕೊಳ್ಳುವಾಗ ಇದೇ ಮಾತುಗಳನ್ನು ಇದೇ ಸಾಲಿನಲ್ಲಿ ಹಿಂದೆಯೂ ಒಮ್ಮೆ ಅಂದುಕೊಂಡಿದ್ದೆನಲ್ಲ ಎನ್ನಿಸಿತು. ಬ್ಲಫಿನ ಸಂಬಂಧ ಕುದುರಿದಾಗ. ದಿನ ಗೊತ್ತಾದ ಮೇಲೆ ಅವ್ವನಿಗಷ್ಟೇ ಹೇಳಿದ್ದ, ಅವ್ವ ತಮ್ಮನ ಮುಖ ನೋಡಲಾರದೆ ಸುಮ್ಮನಿದ್ದಳು, ಮಾವನಿಗೆ ಆ ಸುದ್ದಿಯನ್ನು ಮದ್ದೂರಿನ ಸಂತೆಯಲ್ಲಿ ಯಾವನೋ ದನದ ದಲ್ಲಾಳಿ ಹೇಳಿದನಂತೆ. ಆದರೂ ಮದುವೆಗೆ ಬಂದಿದ್ದ, ಅಕ್ಕಿ ತೆಂಗಿನಕಾಯಿ ಹೊರಿಸಿಕೊಂಡು. ಚಪ್ಪರದ ಕೊನೆಯಲ್ಲಿ ಕೂತು ಕರೆಂಟಿನ ದೀಪಗಳನ್ನು ನೋಡುತ್ತಿದ್ದ. ಮರುವರ್ಷ ಹೊಂಬಾಳೆಯನ್ನು ಹಲಗೂರಿನ ಕಡೆಯ ಎರಡನೆಯ ಸಂಬಂಧದವನಿಗೆ ಕೊಟ್ಟರು. ವಯಸ್ಸು ಮೀರಿತ್ತು, ಬೇರೆ ಯಾರು ಸಿಗುತ್ತಿದ್ದರು?

ಮಾವ ನಂಬಿದ. ಮೆಲ್ಲಗೆ ಆನೆಯನ್ನು ಪಕ್ಕಕ್ಕೆ ಸರಿಸಿ ಕಾಪಾಡಿಕೊಂಡ. ಸಿದ್ದಯ್ಯ ತನ್ನ ಆನೆಯನ್ನು ಸಾಲಿನುದ್ದಕ್ಕೂ ನಡೆಸಿ ಮಂತ್ರಿಯನ್ನು ಎತ್ತಿಕೊಂಡ.

ಬೆನ್ನ ಹಿಂದೆ ಇಂಜಿನಿಯರು “ಭೇಷ್” ಎಂದರು. ಮಾವನಿಗೆ ಏನೂ ಅರ್ಥವಾಗಲಿಲ್ಲ. ಇವನು ಅರಿಯದೆ ಮರೆತಿದ್ದಾನೆ ಎಂದುಕೊಂಡು ಮುಗುಳ್ನಗುತ್ತ, ಮಂತ್ರಿಯನ್ನು ವಾಪಸು ಇಸಿದುಕೊಳ್ಳಲು ಅಂಗೈ ಚಾಚಿದ. ಹೊಲದ ಮಣ್ಣು ಗೆರೆಗಳಲ್ಲಿ ಕೂತ ಅಂಗೈ. ಅದು ಹಲಗೆಯ ಮೇಲೆ ಹಾಗೇ ಇತ್ತು. “ಯೋಳ್ನಿಲ್ವಲ್ಲ ಸ್ವಾಮಿ” ಎಂದ.

“ಏನು ಹೇಳ್ಬೇಕಿತ್ತು?” ಎಂದರು ವಕೀಲರು.

“ಮಂತ್ರಿ ಅಂತ. ಮಂತ್ರಿಗೆ ಏಟು ಮಡಗ್ದೋರು ಯೋಳ್ಬೇಕಲ್ವರಾ? ಮಿಕ್ಕದ್ದೆಲ್ಲ ನಮ್ಮಂಗೇ ಅಂದ್ರಲ್ಲ ತಾವು.”

ವಕೀಲರು ಹುಬ್ಬೇರಿಸಿ ಸಿದ್ದಯ್ಯನ ಕಡೆ ತಿರುಗಿದರು. “ಹಾಗೊಂದು ಉಂಟೇನ್ರೀ ನಿಮ್ಮ ಕಡೆ?”

ಈಗಲೂ ಹೇಳಬಹುದಿತ್ತು. ಉಂಟು ಸಾರ್, ಅವರು ನಂಬಿ ಆಡಿದ್ದಾರೆ, ನನ್ನದೇ ತಪ್ಪು, ಈ ನಡೆ ವಾಪಸು ತಗೊಳ್ತೀನಿ. ಗೆಲ್ಲುವುದು ಆಮೇಲೆ. ಸಿಗರೇಟಿನ ಹೊಗೆ ಕತ್ತಿನ ಮೇಲೆಯೇ ಇತ್ತು. “ಹಳ್ಳಿ ಆಟದಲ್ಲಿ ಕೆಲವರು ಹೇಳ್ತಾರೆ ಸಾರ್” ಎಂದ ಸಿದ್ದಯ್ಯ, “ಇಲ್ಲಿ ಅಂಥ ನಿಯಮ ಇಲ್ಲ.” ತನ್ನ ದನಿ ಕಚೇರಿಯಲ್ಲಿ ನೀರಿನ ಅರ್ಜಿ ಹಿಡಿದು ಬಂದ ರೈತರಿಗೆ ನಾಳೆ ಬಾ ಎನ್ನುವಾಗಿನ ದನಿಯಾಗಿತ್ತು ಎಂದು ಅವನಿಗೇ ಕೇಳಿಸಿತು. ಯಾರೋ ನಕ್ಕು, “ಮುಂದಿನ ಸಲ ಮಂತ್ರಿಗೆ ಡಂಗುರ ಹೊಡೆಸಿ” ಎಂದರು. ಮಾವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಸ್ವಲ್ಪ ಹೊತ್ತು ಹಲಗೆಯನ್ನು ನೋಡಿ, ಸೋಲೊಪ್ಪಿ ತನ್ನ ರಾಜನನ್ನು ಮೆಲ್ಲನೆ ಮಲಗಿಸಿದ. ಎದ್ದು, “ಚೆನ್ನಾಗಿ ಆಡುದ್ರಿ ಸ್ವಾಮಿ” ಎಂದ. ಅದರಲ್ಲಿ ಕೊಂಕಿರಲಿಲ್ಲ, ಇದ್ದಿದ್ದರೆ ಸಹಿಸಬಹುದಿತ್ತು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಚದುರಿದರು. ಸಿದ್ದಯ್ಯ ಮನೆಗೆ ಹೋಗಲಿಲ್ಲ. ಗೇಟಿನ ಪಕ್ಕದ ಹೊಂಗೆಯ ಮರದ ಕೆಳಗೆ ಮಾವ ಕೂತು ಬುತ್ತಿ ಬಿಚ್ಚಿದ್ದ, ಆ ದಾರಿಯಲ್ಲೇ ಹೋಗಬೇಕು. ಸಂಜೆಯ ರೈಲಿನವರೆಗೆ ಅಲ್ಲಿಂದ ಏಳುವಂತೆ ಕಾಣಲಿಲ್ಲ. ಮನೆ ಹತ್ತಿರವೇ ಇತ್ತು. ಬಾ ಮಾವ, ಒಂದು ತುತ್ತು ಉಂಡು ಹೋಗು ಎನ್ನಬೇಕಾದ್ದು ಧರ್ಮ. ಹಾಗೆ ಕರೆದುಕೊಂಡು ರಸ್ತೆಯಲ್ಲಿ ಹೋಗುವಾಗ ಇಂಜಿನಿಯರು ಎದುರಾದರೆ? ಕಿಟಕಿಯ ಸರಳಿನಿಂದ ನೋಡಿದ. ಮಾವ ರೊಟ್ಟಿಯ ಮೇಲೆ ಚಟ್ನಿ ಸವರುತ್ತಿದ್ದ, ಅರ್ಧ ರೊಟ್ಟಿಯನ್ನು ಬಟ್ಟೆಯ ಮೇಲೆ ತೆಗೆದಿಟ್ಟಿದ್ದ, ಯಾರಿಗೋ ಎತ್ತಿಟ್ಟಂತೆ. ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಅದನ್ನೂ ಅವನೇ ತಿಂದ. ಸಿದ್ದಯ್ಯ ಹಸಿದ ಹೊಟ್ಟೆಯಲ್ಲಿ ತನ್ನ ಕುರ್ಚಿಗೆ ಹಿಂದಿರುಗಿ ಫೈನಲ್ಲಿನ ಆರಂಭದ ನಡೆಗಳನ್ನು ಮನಸ್ಸಿನಲ್ಲೇ ತಿರುವಿಹಾಕಿದ. ಆಗಿದ್ದು ಆಗಿಹೋಯಿತು. ಇನ್ನು ಗೆಲ್ಲದೆ ಬಿಟ್ಟರೆ ಅದೂ ದಂಡ.

ಫೈನಲ್ ಶುರುವಾದಾಗ ಕೋಣೆ ತುಂಬಿತ್ತು. ಕೆಲವರು ಬರ್ಮಾದಲ್ಲಿ ಯುದ್ಧ ಎಲ್ಲಿಗೆ ಬಂತು ಎಂದು ಮಾತಾಡುತ್ತ ಒಂದು ಕಣ್ಣು ಇತ್ತ ಇಟ್ಟಿದ್ದರು. ಮಾವ ಒಳಗೆ ಬರಲಿಲ್ಲ. ವರಾಂಡದ ಕಿಟಕಿಯ ಆಚೆ ಸರಳು ಹಿಡಿದು ನಿಂತಿದ್ದ. ಸಿದ್ದಯ್ಯ ಆ ಕಡೆ ನೋಡುವುದನ್ನು ಬಿಟ್ಟ. ಎದುರಿಗೆ ಸಾಹೇಬರು ಇಷ್ಟು ಹತ್ತಿರದಲ್ಲಿ, ಇಷ್ಟು ಹೊತ್ತು ಸಮಸಮವಾಗಿ ಕೂತದ್ದು ಅವನಿಗೆ ಹೊಸದು. ಕಚೇರಿಯಲ್ಲಿ ಅವನು ಅವರ ಬಲಗಡೆ ನಿಲ್ಲುವವನು. ಕಾಗದ ಮುಂದಿಡುವುದು, ಬೆರಳಿನಿಂದ ಸಹಿಯ ಜಾಗ ತೋರಿಸುವುದು. ಅವರ ಪೆನ್ನು ತಪ್ಪು ಗೆರೆಯ ಕಡೆ ಇಳಿಯುತ್ತಿದ್ದರೆ ಅದು ಕಾಗದ ಮುಟ್ಟುವ ಮೊದಲೇ ‘ಇಲ್ಲಿ, ಸಾರ್’ ಎಂದು ಮೆತ್ತಗೆ ಹೇಳುವುದು. ಸಾಹೇಬರ ಕೈಯಿಂದ ತಪ್ಪಾಗಗೊಡದವನು ಎಂದು ಅವನಿಗೆ ಕಚೇರಿಯಲ್ಲಿ ಹೆಸರಿತ್ತು. ಈಗ ಅದೇ ಕೈಯ ತಪ್ಪಿಗಾಗಿ ಅವನು ಕಾಯಬೇಕಿತ್ತು.

ಆಟ ಅವನ ಕಡೆಗೇ ವಾಲುತ್ತಿತ್ತು. ವಿಚಿತ್ರವೆಂದರೆ ಪುಸ್ತಕದ ಆರಂಭ ಬಿಟ್ಟು ಅವನ ಕೈ ತಾನಾಗಿ ಕೊಟ್ಟಿಗೆ ಕಟ್ಟಿತ್ತು. ಇಂಜಿನಿಯರು ಅಂಥದನ್ನು ಇವನ ಕೈಯಲ್ಲಿ ಕಂಡಿರಲಿಲ್ಲ, ಗೋಡೆಗೆ ಗುದ್ದಿ ಗುದ್ದಿ ತಾಳ್ಮೆ ಕಳೆದುಕೊಂಡರು, ಕಾಲಾಳುಗಳನ್ನು ಮುಂದೆ ಮುಂದೆ ನೂಕಿ ಹಿಂದೆ ಬಯಲು ಮಾಡಿಕೊಂಡರು. ಮೂಲೆಯಲ್ಲಿ ಕೂತಿದ್ದ ಸಿದ್ದಯ್ಯನ ಒಂಟೆಗೆ ಒಂದು ಉದ್ದನೆಯ ಓರೆದಾರಿ ತೆರೆದುಕೊಂಡಿತು. ಆ ದಾರಿಯ ತುದಿಯಲ್ಲಿ ಸಾಹೇಬರ ಮಂತ್ರಿ. ನಡುವಿನ ತನ್ನ ಕಾಲಾಳನ್ನು ಒಂದು ಮನೆ ಮುಂದಿಟ್ಟರೆ ಸಾಕಿತ್ತು, ಇಟ್ಟ. ಇಂಜಿನಿಯರ ಕಣ್ಣು ಕಾಲಾಳಿನ ಮೇಲೇ ನಿಂತಿತು. ಮೂಲೆಯ ಒಂಟೆ ಅವರಿಗೆ ಕಾಣಲಿಲ್ಲ. ಆ ಬದಿಯ ಕುದುರೆಯನ್ನು ಎತ್ತಲು ಅವರ ಕೈ ಮುಂದಾಯಿತು, ಉಂಗುರವಿದ್ದ ಬೆರಳು ಹಲಗೆಯ ಮೇಲೆ ಇಳಿಯುತ್ತಿತ್ತು, ಅದು ಮುಟ್ಟಿದರೆ ಆಯಿತು, ಮುಟ್ಟಿದ ಕಾಯಿ ನಡೆಸಲೇಬೇಕು. ಬಹುಮಾನದ ಕಪ್ಪು, ಬೆತ್ತದ ಕುರ್ಚಿ, ಕಾಫಿ, ಮೀನಾಕ್ಷಮ್ಮನ ಮುಖ, ಎಲ್ಲ ಆ ಬೆರಳಿಗೂ ಕುದುರೆಗೂ ನಡುವಿನ ಸಂದಿಯಲ್ಲಿತ್ತು.

“ಮಂತ್ರಿ, ಸಾರ್.”

ಯಾರು ಹೇಳಿದ್ದು ಎಂದು ಅವನೇ ಒಮ್ಮೆ ಸುತ್ತ ನೋಡಿದ. ಮೆತ್ತಗಿನ, ತಪ್ಪಿಲ್ಲದ, ಕಚೇರಿಯ ದನಿ. ಇಂಜಿನಿಯರ ಬೆರಳು ಗಾಳಿಯಲ್ಲಿ ನಿಂತಿತು, ಕಣ್ಣು ಓರೆದಾರಿಯ ಉದ್ದಕ್ಕೂ ಹೋಗಿ ಮೂಲೆಯ ಒಂಟೆಯನ್ನು ಕಂಡಿತು. ಅವರು ಗಹಗಹಿಸಿ ನಕ್ಕರು. ಮಂತ್ರಿಯನ್ನು ಎತ್ತಿ ದೂರ ಇಟ್ಟರು. ಇಟ್ಟ ಜಾಗ ಎಷ್ಟು ಚೆನ್ನಾಗಿತ್ತೆಂದರೆ ಅಲ್ಲಿಂದ ಮುಂದೆ ಸಿದ್ದಯ್ಯನಿಗೆ ಆಡಲು ಹೆಚ್ಚೇನೂ ಉಳಿಯಲಿಲ್ಲ. ಕೊಟ್ಟಿಗೆ ಒಳಗಿನಿಂದಲೇ ಕುಸಿಯಿತು. ಬೆಳಿಗ್ಗೆ ಮಾವ ಮಲಗಿಸಿದಂತೆ ಅವನೂ ರಾಜನನ್ನು ಮಲಗಿಸಬೇಕಾಗಿತ್ತು, ಆದರೆ ಬೆರಳು ತಗುಲಿ ರಾಜ ಉರುಳಿ ನೆಲಕ್ಕೆ ಬಿತ್ತು, ಬಗ್ಗಿ ಹುಡುಕುವಾಗ ಎಲ್ಲರ ಬೂಟುಗಳು ಕಂಡವು.

“ನೋಡಿದ್ರಾ” ಎನ್ನುತ್ತಿದ್ದರು ಇಂಜಿನಿಯರು ಎಲ್ಲರಿಗೂ ಕೇಳುವಂತೆ, “ಗೆಲ್ಲೋ ಆಟ, ಆದ್ರೂ ಎಚ್ಚರಿಸಿದ. ಜಂಟಲ್‌ಮನ್ನು! ವಕೀಲ್ರೇ, ಇವನ ಹೆಸರು ನಾನೇ ಸೂಚಿಸ್ತೀನಿ, ಬರ್ಕೊಳ್ಳಿ. ಲೋ, ಸಿದ್ದಯ್ಯಂಗೊಂದು ಕಾಫಿ ತಾ.” ಬೆಳಿಗ್ಗೆಯ ಆಟ ನೋಡಿದವರು ಯಾರೂ ಏನೂ ಹೇಳಲಿಲ್ಲ, ಅವರಿಗೆ ಅದು ನೆನಪಿರಲೇ ಇಲ್ಲ. ಚಪ್ಪಾಳೆ ಬಿತ್ತು. ಯಾರೋ ಅವನ ಭುಜ ತಟ್ಟಿ ಕಿಟಕಿಯ ಹತ್ತಿರದ ಬೆತ್ತದ ಕುರ್ಚಿಯನ್ನು ಎಳೆದುಕೊಟ್ಟರು. ಸಿದ್ದಯ್ಯ ಕೂರಲಿಲ್ಲ, ಈಗ ಬಂದೆ ಎಂದು ಗೊಣಗಿ ವರಾಂಡಕ್ಕೆ ಹೋದ.

ಮಾವ ಚಪ್ಪಲಿ ಮೆಟ್ಟಿ, ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದ. ಅಲ್ಲಿ ಬೇರೆ ಯಾರೂ ಇರಲಿಲ್ಲ. “ಮಾವ” ಎಂದ ಸಿದ್ದಯ್ಯ. ಬೆಳಿಗ್ಗೆಯಿಂದ ಅದು ಮೊದಲ ಸಲ. ಅವನ ಕಣ್ಣಲ್ಲಿ ನೀರು ತುಂಬಿತ್ತು, ಏನಾದರೂ ಬೈದುಬಿಡಲಿ ಎಂದು ಕಾದ.

ದೇವಯ್ಯ ರುಮಾಲಿನ ತುದಿ ಸಿಕ್ಕಿಸಿಕೊಂಡು ಚೀಲವನ್ನು ಹೆಗಲಿಗೇರಿಸಿದ. “ನಿನ್ನ ಮದುವೆ ಆದಾಗ ನಿಮ್ಮವ್ವ ಅಂದ್ಲು, ಮಗೀಗೆ ಬಾಯಿಲ್ಲ ಕಣಪ್ಪ, ಒಲ್ಲೆ ಅನ್ನಾಕೂ ಬರಕಿಲ್ಲ, ಅದ್ಕೇ ಯೋಳ್ದೆ ಸುಮ್ಕಿದ್ದ, ಮನಸ್ಗೆ ಅಚ್ಕೋಬ್ಯಾಡ ಅಂತ. ನಾನೂ ಅಂಗೇ ಅಂದ್ಕಂಡೆ. ಒಂಬಾಳೆಗೂ ಅದ್ನೇ ಯೋಳ್ದೆ, ಅವ್ನಿಗೆ ಬಾಯಿಲ್ಲ ಕಣವ್ವ ಅಂತ. ಇವತ್ತು ಬೆಳಗ್ಗೇನೂ ಅಂಗೇ ಅಂದ್ಕಂಡು ಮರದಡಿ ಕುಂತಿದ್ದೆ.” ಕಿಟಕಿಯ ಕಡೆ ಒಮ್ಮೆ ನೋಡಿದ. “ಐತಲ್ಲಪ್ಪ ನಿಂಗೆ. ಚೆನ್ನಾಗೇ ಐತೆ.”

ಅಷ್ಟು ಹೇಳಿ ಮೆಟ್ಟಿಲಿಳಿದ. ಎಡಗಾಲನ್ನು ಹೊರಕ್ಕೆ ಎಸೆಯುತ್ತ ಗೇಟು ದಾಟಿ ಸ್ಟೇಷನ್ನಿನ ಕಡೆ ತಿರುಗಿದ. ರಸ್ತೆ ಖಾಲಿಯಿತ್ತು, ಓಡಿದರೆ ಸಿಗುತ್ತಿದ್ದ. ಒಳಗಿನಿಂದ ಇಂಜಿನಿಯರು, “ಸಿದ್ದಯ್ಯ, ಕಾಫಿ ಆರಿಹೋಗ್ತಾ ಇದೆ” ಎಂದು ಕೂಗಿದರು. “ಬಂದೆ, ಸಾರ್” ಎಂದ.

ಬೆತ್ತದ ಕುರ್ಚಿ ಅವನು ಅಂದುಕೊಂಡಿದ್ದಕ್ಕಿಂತ ತಗ್ಗಾಗಿತ್ತು. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಬೆರಳಿನಿಂದ ತೆಗೆಯಬಹುದೋ ಇಲ್ಲವೋ ತಿಳಿಯದೆ ಅದರ ಸಮೇತ ಕುಡಿದ. ಆಗ ಬಾಗಿಲಲ್ಲಿ ಯಾರೋ ಒಳಗೆ ಬಂದರು. ಲೋಟ ಕೈಯಲ್ಲಿ ಹಿಡಿದೇ ಸಿದ್ದಯ್ಯ ಅರ್ಧ ಎದ್ದ.